ಕೆತ್ತಿಟ್ಟ ನಾಲ್ಕು ಹೆಸರು

ಹನೂರು ತಾಲ್ಲೂಕಿನ ಕಾಡಂಚಿನ ಆ ಹಳ್ಳಿಗೆ ನಾನು ಮೊದಲ ಸಲ ಹೋಗಿದ್ದು ಹೊಗಳಿ ಬರೆಯಲು. ಅಲ್ಲಿನ ನಾಲ್ಕು ಗ್ರಾಮ ಪಂಚಾಯಿತಿ ಸ್ಥಾನಗಳಿಗೂ ಆ ಬಾರಿ ಅವಿರೋಧ ಆಯ್ಕೆಯಾಗಿತ್ತು. ‘ಒಗ್ಗಟ್ಟಿಗೆ ಮಾದರಿಯಾದ ಗ್ರಾಮ’ ಎಂಬ ತಲೆಬರಹ ಕೊಟ್ಟು, ಹಾರ ಹಾಕಿಕೊಂಡ ನಾಲ್ವರ ಚಿತ್ರದೊಂದಿಗೆ ಸುದ್ದಿ ಕಳಿಸಿದ್ದೆ. ತಾಲ್ಲೂಕು ವರದಿಗಾರರೆಲ್ಲ ಪ್ರತಿ ಚುನಾವಣೆಯಲ್ಲೂ ಇಂಥ ನಾಲ್ಕಾರು ಸುದ್ದಿ ಕಳಿಸುತ್ತೇವೆ. ಯಾರೂ ಯಾಕೆ ಎದುರು ನಿಲ್ಲಲಿಲ್ಲ ಎಂದು ಕೇಳುವ ಅಭ್ಯಾಸ ಆಗ ನನಗಿರಲಿಲ್ಲ.

ಮುಂದಿನ ಚುನಾವಣೆಗೆ ನಾಮಪತ್ರ ಸಲ್ಲಿಕೆ ಮುಗಿದ ದಿನ ಅದೇ ಹಳ್ಳಿಯ ಹೆಂಗಸೊಬ್ಬರು ಕೊಳ್ಳೇಗಾಲದ ನನ್ನ ಕಚೇರಿಗೆ ಬಂದರು. ಕಚೇರಿ ಎಂದರೆ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲಿನ ಒಂದು ಕೋಣೆ. ಆಕೆಯ ವಯಸ್ಸು ನಲವತ್ತರ ಒಳಗೆ. ಆರು ದನ, ಅರ್ಧ ಎಕರೆ ಖುಷ್ಕಿ ಜಮೀನು. ಬಾಗಿಲಲ್ಲೇ ನಿಂತು ಕೇಳಿದರು.

“ಊರು ಒಗ್ಗಟ್ಟು ಅಂತ ಬರೆದೋರು ನೀವೇಯಾ?”

ಹೌದು ಎಂದೆ.

“ಹಂಗಾರ ನಾನು ಊರಲ್ವಾ ಸಾ? ನಾನೂ ಅರ್ಜಿ ಹಾಕಿವ್ನಿ. ನಾಳಿದ್ದು ಮೂರು ಗಂಟ ಒಳಗ ವಾಪಸ್ ತಕ್ಕೊ ಅಂತ ಕುಂತವ್ರ. ಇದ್ನೂ ಬರೀರಿ.”

ಅವರು ಹೇಳಿದ್ದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದ ಕ್ರಮದಲ್ಲೇ ಕೊಡುತ್ತೇನೆ. ಊರಿನ ಪಕ್ಕ ಕರಿಕಲ್ಲಿನ ಗಣಿ ಇದೆ. ಗಣಿಯ ಮಾಲೀಕ ಊರಿನ ದೇವಸ್ಥಾನಕ್ಕೆ ಗೋಪುರ ಕಟ್ಟಿಸಿಕೊಡುತ್ತಿದ್ದಾನೆ. ಚುನಾವಣೆ ಘೋಷಣೆಯಾದ ವಾರ ಊರಿನ ಯಜಮಾನರು ಮನೆಗೊಬ್ಬ ಗಂಡಸನ್ನು ದೇವಸ್ಥಾನದ ಮುಂದೆ ಕೂಡಿಸಿದ್ದಾರೆ. ಗಣಿಯವರ ಕಡೆಯಿಂದ ನಾಲ್ಕು ಹೆಸರು ಬಂದಿದೆ. ಬೇರೆ ಯಾರೂ ನಿಲ್ಲುವುದಿಲ್ಲ ಎಂದು ಎಲ್ಲರೂ ಮಾದಪ್ಪನ ಹೆಸರಲ್ಲಿ ಕರ್ಪೂರ ಮುಟ್ಟಿ ಆಣೆ ಇಟ್ಟಿದ್ದಾರೆ. ಮುಟ್ಟಿದವರಲ್ಲಿ ಈಕೆಯ ಗಂಡನೂ ಒಬ್ಬ.

ಆ ನಾಲ್ವರಿಂದ ಗಣಿಗೆ ಬೇಕಾದದ್ದು ಊರಿನ ಗೋಮಾಳ. ಒಡೆದು ಬಿಸಾಡುವ ತ್ಯಾಜ್ಯ ಕಲ್ಲು ಸುರಿಯಲು ಅವರಿಗೆ ಜಾಗ ಸಾಲದು. ಅದಕ್ಕೆ ಪಂಚಾಯಿತಿಯ ಒಪ್ಪಿಗೆ ನಿರ್ಣಯ ಬೇಕು. ಹೊಸ ಪಂಚಾಯಿತಿಯ ಮೊದಲ ಸಾಮಾನ್ಯ ಸಭೆಯಲ್ಲೇ ಅದು ಬರುತ್ತದೆ.

“ಗೋಮಾಳ ಹೋದ್ರ ದನ ಎಲ್ಗ ಹೊಡ್ಯೋದು? ಕಾಡ್ಗ ಬುಟ್ರ ಫಾರೆಸ್ಟ್‌ನೋರು ಹಿಡೀತಾರ. ಅವ್ರು ಹಿಡೀನಿಲ್ಲ ಅಂದ್ರ ಆನ ಹಿಡೀತದ. ನಮ್ಮ ನಾದಿನಿ ಗಂಡ ಸತ್ತದ್ದು ಹಂಗೇಯ.”

“ನೀವು ಒಬ್ಬರೇ ಗೆದ್ದರೆ ನಿರ್ಣಯ ನಿಲ್ಲುತ್ತಾ?” ಎಂದು ಕೇಳಿದೆ.

“ನಿಲ್ಲಕಿಲ್ಲ. ಬ್ಯಾಡ ಅಂದವ್ರು ಒಬ್ರು ಇದ್ರು ಅಂತ ಪುಸ್ತಕದಲ್ಲಿ ಇರ್ಲಿ. ಅಷ್ಟೇಯ.”

ಮರುದಿನ ಬೆಳಿಗ್ಗೆ ನನ್ನ ಬೈಕ್ ಹತ್ತಿ, ಲೊಕ್ಕನಹಳ್ಳಿ ದಾಟಿ ಆ ಊರು ತಲುಪಿದೆ. ಹಿಟ್ಟಿನ ಗಿರಣಿಯ ಮುಂದೆ ಆಕೆಯ ರಾಗಿ ಡಬ್ಬ ಹಿಂದಿನ ದಿನದಿಂದ ಅಲ್ಲೇ ಕೂತಿತ್ತು. ಯಾಕೆ ಬೀಸಿಲ್ಲ ಎಂದು ಕೇಳಿದರೆ ಗಿರಣಿಯವನು, “ಕರೆಂಟಿಲ್ಲ” ಎಂದ. ಅವನ ಹಿಂದೆ ಗಿರಣಿ ಓಡುತ್ತಿತ್ತು.

ಯಜಮಾನರು ದೇವಸ್ಥಾನದ ಜಗಲಿಯಲ್ಲಿ ಸಿಕ್ಕರು. ಎಪ್ಪತ್ತರ ಆಸುಪಾಸು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಹೋದ ಸಲ ನನಗೆ ಊಟ ಹಾಕಿಸಿ ಕಳಿಸಿದ್ದವರು. ಈ ಸಲ ಕೂರಿ ಎನ್ನಲಿಲ್ಲ.

“ಆ ಹೆಂಗ್ಸು ನಿಮ್ಮತ್ರಕ್ಕ ಬಂದಿದ್ಲಂತ. ಬಸ್ಸಲ್ಲಿ ನೋಡಿದೋರು ಹೇಳುದ್ರು.”

“ಕರ್ಪೂರ ಮುಟ್ಟಿಸಿದ್ದು ನಿಜವೇ?”

“ಯಾವ ಕರ್ಪೂರ? ದೇವ್ರಿಗ ದಿನಾ ಹಚ್ತೀವಿ. ದಾನ ಮಾಡೋನು ಮಾಡ್ತನ, ಊರು ಒಂದಾಗದ. ಅದ್ಕೂ ಇದ್ಕೂ ಏನ್ ಸಮ್ಮಂದ ಸಾ?” ಸುತ್ತ ನಿಂತವರ ಕಡೆ ತಿರುಗಿದರು. “ಹೋದ್ ಸಲ ಒಗ್ಗಟ್ಟು ಅಂತ ಪೇಪರ್‌ಗ ಹಾಕುದ್ರು. ಈ ಸಲ ಅದ್ಕೇ ತಪ್ಪು ಹುಡ್ಕಂಡು ಬಂದವ್ರ. ಪೇಪರ್‌ನೋರ ಮಾತು ನೋಡ್ರಪ್ಪ.”

ನಿಂತವರೆಲ್ಲ ನಕ್ಕರು. ಒಬ್ಬ, “ಪೆಟ್ರೋಲ್‌ಗ ಕೊಟ್ಟು ಕಳ್ಸಿ ಯಜಮಾನ್ರೇ, ಮನಗ ಓಯ್ತರ” ಎಂದ. ಇನ್ನೊಬ್ಬ ನನ್ನ ಬೈಕಿನ ಕೀಲಿ ಕಿತ್ತು ಕೈಯಲ್ಲಿ ಆಡಿಸುತ್ತಿದ್ದ. ಯಜಮಾನರು ಕಣ್ಣು ಬಿಟ್ಟ ಮೇಲೆ ಕೊಟ್ಟ. ಆ ಊರಲ್ಲಿ ಅಂದು ಹನ್ನೊಂದು ಗಂಡಸರನ್ನು ಮಾತಾಡಿಸಿದೆ. ಒಬ್ಬರೂ ಕರ್ಪೂರ ಮುಟ್ಟಿದ್ದೇನೆ ಎನ್ನಲಿಲ್ಲ. ಆಕೆಯ ಗಂಡ ಮನೆಯ ಒಳಗಿಂದ ಹೊರಗೇ ಬರಲಿಲ್ಲ.

ಬ್ಯೂರೋಗೆ ಫೋನ್ ಮಾಡಿದೆ. ಬ್ಯೂರೋ ಮುಖ್ಯಸ್ಥರು ಸಮಾಧಾನದಿಂದ ಕೇಳಿಸಿಕೊಂಡು, “ಒಬ್ಬ ಸ್ಪರ್ಧಿ ಇನ್ನೊಬ್ಬರ ಮೇಲೆ ಹೇಳಿದ್ದು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಹಾಕೋಕೆ ಬರಲ್ಲ” ಎಂದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆಮೇಲೆ ಅವರು ಸೇರಿಸಿದ ಇನ್ನೊಂದು ಮಾತನ್ನು ನಾನು ಹೇಳುತ್ತಿರಲಿಲ್ಲ. “ಗೋಪುರದ ಕಳಸ ಪ್ರತಿಷ್ಠೆಗೆ ಗಣಿಯವರದು ನಾಲ್ಕು ಪುಟದ ಜಾಹೀರಾತು ಪುರವಣಿ ಇದೆ. ನೆನಪಿರಲಿ.”

ಗಣಿ ಮಾಲೀಕನ ಬಗ್ಗೆ ಇಲ್ಲಿ ಒಂದಿಷ್ಟು ಹೇಳಬೇಕು. ಆತ ಚುನಾವಣೆಗೆ ನಿಂತವನಲ್ಲ, ಯಾವ ಪಕ್ಷದ ಸದಸ್ಯನೂ ಅಲ್ಲ. ಕೊಳ್ಳೇಗಾಲದಲ್ಲಿ ಮನೆ, ಯಳಂದೂರಿನ ಕಡೆ ಕಲ್ಯಾಣ ಮಂಟಪ. ದೊಡ್ಡ ಚುನಾವಣೆ ಬಂದಾಗ ಎದುರಾಳಿಗಳಿಬ್ಬರ ಪ್ರಚಾರಕ್ಕೂ ಅವನ ಜೀಪುಗಳೇ ಓಡುತ್ತವೆ. ಇದನ್ನು ಜನ ಔದಾರ್ಯ ಎನ್ನುತ್ತಾರೆ. ಬಸ್ ತಂಗುದಾಣ, ಶಾಲೆಯ ಗೇಟು, ಕುಡಿಯುವ ನೀರಿನ ಘಟಕ, ಎಲ್ಲದರ ಮೇಲೂ ಅವನ ಹೆಸರಿದೆ. ಗಣಿಗೆ ರಸ್ತೆ, ಜಾಗ ಅಥವಾ ಒಪ್ಪಿಗೆ ಬೇಕಾದ ಊರುಗಳಲ್ಲೇ ಈ ದಾನಗಳು ಇವೆ ಎಂಬುದನ್ನು ನಾನು ನಕ್ಷೆ ಹಾಸಿಕೊಂಡು ಗುರುತು ಹಾಕುವವರೆಗೆ ಗಮನಿಸಿರಲಿಲ್ಲ. ಹತ್ತು ವರ್ಷ ಅವನ ಉದ್ಘಾಟನೆಗಳನ್ನು ವರದಿ ಮಾಡಿದವನು ನಾನೇ.

ಉದ್ಘಾಟನೆಗಳ ಸುದ್ದಿ ನನಗೆ ಮುಂಚಿತವಾಗಿ ಸಿಗುತ್ತಿದ್ದುದು ಕೊಳ್ಳೇಗಾಲದ ಹೊರವಲಯದಲ್ಲಿ ಕಲ್ಲು ಕೆತ್ತುವವರೊಬ್ಬರ ಶೆಡ್‌ನಲ್ಲಿ. ಎಲ್ಲಿ ಯಾವ ಕಟ್ಟಡ ಉದ್ಘಾಟನೆಯಾಗುತ್ತದೆ, ಯಾರು ಬರುತ್ತಾರೆ, ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದು ಆಹ್ವಾನ ಪತ್ರಿಕೆಗಿಂತ ಮೊದಲು ಅಲ್ಲಿನ ಫಲಕದಲ್ಲಿ ಇರುತ್ತಿತ್ತು. ವಾರಕ್ಕೊಮ್ಮೆ ಹೋಗಿ ಟೀ ಕುಡಿದು ನೋಡಿಕೊಂಡು ಬರುವುದು ನನ್ನ ರೂಢಿ. ಬ್ಯೂರೋ ಫೋನ್ ಇಟ್ಟ ಮೇಲೆ ಅಲ್ಲಿಗೆ ಹೋದದ್ದೂ ರೂಢಿಯಿಂದಲೇ.

ಮೂರು ಅಡಿ ಎತ್ತರದ ಕರಿಕಲ್ಲಿನ ಫಲಕವೊಂದು ಹೊಳಪು ಮುಗಿಸಿಕೊಂಡು ಗೋಡೆಗೆ ಒರಗಿತ್ತು. ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬುವುದಷ್ಟೇ ಬಾಕಿ. ಮೇಲೆ ದೇವರ ಹೆಸರು, ಅದರ ಕೆಳಗೆ ಗೋಪುರದ ದಾನಿಯ ಹೆಸರು. ಅದರ ಕೆಳಗೆ ಹೀಗಿತ್ತು: ‘ಈ ಮಹಾದಾನಿಗಳ ಇಚ್ಛೆಯಂತೆ ಗ್ರಾಮದ ಸಮಸ್ತರು ಒಮ್ಮತದಿಂದ ಪಂಚಾಯಿತಿಗೆ ಅವಿರೋಧವಾಗಿ ಆರಿಸಿದ ಸದಸ್ಯರು.’ ಅಲ್ಲಿಂದ ಕೆಳಗೆ ನಾಲ್ಕು ಹೆಸರು.

ನಾಮಪತ್ರ ವಾಪಸ್ ಪಡೆಯಲು ಇನ್ನೂ ಒಂದು ದಿನ ಇತ್ತು. ಕಣದಲ್ಲಿ ಐವರಿದ್ದರು.

“ಇದು ಯಾವಾಗ ಬಂತು?” ಎಂದೆ.

ಕೆತ್ತುವವರು ಉಳಿ ಕೆಳಗಿಟ್ಟರು. “ನಾಮಿನೇಷನ್ ಸುರು ಆಗಕ್ಕ ಮುಂಚೇನೆ ಬರ್ಕೊಟ್ಟೋದ್ರು. ಯಾಕ್ ಸಾ, ಹೆಸ್ರು ತಪ್ಪಾಗದ?”

“ಹೆಸರು ಸರಿಯಾಗಿದೆ.”

ಅವರು ನನ್ನ ಮುಖ ನೋಡಿದರು. ಬುದ್ಧಿವಂತರು, ಬೇಗ ಅರ್ಥವಾಯಿತು. “ಫೋಟೋ ಮಾತ್ರ ಹೊಡೀಬ್ಯಾಡಿ ಸಾ. ನನ್ ಶೆಡ್ಡು ಕಾಣ್ತದ. ಕಲ್ಲು ಕೊಡೋರೂ ಅವ್ರೇಯ. ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬತ್ತದ. ಊರ್ಗೋಗಿ ಹೊಡ್ಕಳಿ, ಅಲ್ಲಿ ಬ್ಯಾಡ ಅನ್ನೋರು ಯಾರವ್ರ?”

ನಾನು ಫೋನ್ ಜೇಬಿಗೆ ಹಾಕಿಕೊಂಡೆ. ಅವರ ಸಲಹೆ ಸರಿ ಇತ್ತು. ಆದರೆ ಮರುದಿನ ಬೆಳಿಗ್ಗೆ ಎಂದರೆ ವಾಪಸಾತಿಯ ದಿನವೇ. ಅಂದು ತೆಗೆದ ಚಿತ್ರ ಅಚ್ಚಾಗುವುದು ಅದರ ಮರುದಿನ, ಎಲ್ಲ ಮುಗಿದ ಮೇಲೆ. ಕಲ್ಲನ್ನು ಈವತ್ತೇ ಊರಿಗೆ ಸಾಗಿಸಲು ಆಗುತ್ತದೆಯೇ ಎಂದು ಕೇಳಿದೆ. ಈಗಲೇ ಬಣ್ಣ ತುಂಬಿ ಒಣಗಿಸಿದರೆ ಸಂಜೆಯೊಳಗೆ ಆಗುತ್ತದೆ, ಅವರಿಗೂ ಅವಸರ ಇದೆ ಎಂದರು. ಹಾಗೆ ಕೇಳಿದ್ದು ವರದಿಗಾರ ಮಾಡಬೇಕಾದ ಕೆಲಸವಲ್ಲ. ಮಾಡಿದೆ.

ಬಣ್ಣ ಒಣಗುವ ಹೊತ್ತಿನಲ್ಲಿ ಯಳಂದೂರಿಗೆ ಹೋಗಿಬಂದೆ. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲೂ ಇದೇ ದಾನಿ ಸಮುದಾಯ ಭವನ ಕಟ್ಟಿಸಿದ್ದ. ಅಲ್ಲೂ ಅವಿರೋಧ ಆಯ್ಕೆಯಾಗಿತ್ತು. ಆಗ ಸದಸ್ಯರಾಗಿದ್ದವರೊಬ್ಬರು ಈಗ ರೇಷ್ಮೆ ಹುಳು ಸಾಕುತ್ತಾರೆ. ಸೊಪ್ಪು ಕತ್ತರಿಸುತ್ತಲೇ ಮಾತಾಡಿದರು. “ಐದು ವರ್ಸ ನಾನು ಕೈ ಎತ್ತಿದ್ದು ಬುಟ್ರ ಬಾಯಿ ತೆಗ್ದೋನಲ್ಲ. ಮೀಟಿಂಗ್ ಹಿಂದ್ಲ ದಿನ ಮ್ಯಾನೇಜರ್ ಬಂದು ಯಾವುದ್ಕ ಎತ್ಬೇಕು ಅಂತ ಹೇಳ್ಬುಟ್ಟು ಓಗೋನು.” ಇದನ್ನು ಬರೆಯಬಹುದೇ ಎಂದು ಕೇಳಿದೆ. ಬರೆಯಿರಿ ಎಂದರು. ಹೆಸರು ಹಾಕಬಹುದೇ ಎಂದೆ. ಸ್ವಲ್ಪ ಹೊತ್ತು ಸೊಪ್ಪು ಕತ್ತರಿಸಿ, “ಹಾಕ್ಕಳಿ. ಈಗ ನನ್ತಾವ ಅವ್ರಿಗ ಬೇಕಾದ್ದು ಏನೂ ಇಲ್ಲ” ಎಂದರು.

ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಆ ಊರು. ಟ್ರ್ಯಾಕ್ಟರ್ ಆಗಲೇ ಬಂದಿತ್ತು. ಕಲ್ಲನ್ನು ದೇವಸ್ಥಾನದ ಕಂಬಕ್ಕೆ ಒರಗಿಸಿ ಗೋಣಿಚೀಲ ಮುಚ್ಚಿದ್ದರು. ಯಜಮಾನರು ನನ್ನನ್ನು ನೋಡಿ ಮುಖ ಗಂಟು ಹಾಕಿದರು.

“ಮತ್ತ ಬಂದ್ರಾ?”

“ಅವಿರೋಧ ಆಯ್ಕೆಯ ಬಗ್ಗೆ ಬರೆಯುತ್ತಿದ್ದೇನೆ. ಫಲಕದ ಚಿತ್ರ ಬೇಕು” ಎಂದೆ.

ಇದು ಸುಳ್ಳಲ್ಲ. ಆದರೆ ಏನು ಬರೆಯುತ್ತೇನೆ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಬೆಳಿಗ್ಗೆ ಬಂದವನಿಗೆ ಸಂಜೆ ಬುದ್ಧಿ ಬಂದಿದೆ ಎಂದು ತಿಳಿದಿರಬೇಕು. ಅವರ ಮುಖ ಸಡಿಲವಾಯಿತು. ಗೋಣಿಚೀಲ ತಾವೇ ತೆಗೆದರು. ಹೆಗಲ ಟವೆಲ್ಲಿನಿಂದ ಧೂಳು ಒರೆಸಿದರು. ಪಕ್ಕದಲ್ಲಿ ನಿಂತು ಕಲ್ಲಿನ ಮೇಲೆ ಕೈ ಇಟ್ಟರು.

“ಹೆಸ್ರುಗಳು ಕಾಣ್ತವಾ?”

“ಕಾಣುತ್ತವೆ.”

“ನಾಳೆ ಮೂರು ಗಂಟ್ಗ ನಾವು ಕಲ್ಲು ನಿಲ್ಲಿಸೋದು. ಅವಳು ವಾಪಸ್ ತಕ್ಕತಾಳ. ಗಂಡ ಕರ್ಪೂರ ಮುಟ್ಟವ್ನಲ್ಲ, ತಕ್ಕದೇ ಏನ್ ಮಾಡ್ತಾಳ?”

ಬೆಳಿಗ್ಗೆ ಇಲ್ಲವೆಂದಿದ್ದ ಕರ್ಪೂರವನ್ನು ಸಂಜೆ ಅವರೇ ಒಪ್ಪಿದರು. ನಾನು ಅದನ್ನು ಅವರ ಎದುರೇ ಪುಸ್ತಕದಲ್ಲಿ ಬರೆದುಕೊಂಡೆ. ಅವರ ಮಟ್ಟಿಗೆ ಇದರಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ. ದೇವರಿಗೆ ಗೋಪುರ ಬಂದಿದೆ, ಕೊಟ್ಟವನ ಮಾತು ಊರು ನಡೆಸಿದೆ, ಇದು ಮುಂದಿನವರಿಗೆ ತಿಳಿಯಬೇಕು. ಲಂಚವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅವರು ಅದನ್ನು ಲಂಚ ಎಂದುಕೊಂಡೇ ಇರಲಿಲ್ಲ. ಆ ಮುದುಕರ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಸ್ವಲ್ಪ ಕಡಿಮೆಯಾಯಿತು. ಅವರ ಭಕ್ತಿಯನ್ನು ಸಗಟಾಗಿ ಕೊಂಡವನ ಮೇಲೆ ಅಷ್ಟೇ ಹೆಚ್ಚಾಯಿತು.

ನಿಯಮದಂತೆ ದಾನಿಯ ಪ್ರತಿಕ್ರಿಯೆ ಪಡೆಯಬೇಕು. ಮಾಲೀಕ ಫೋನ್ ಎತ್ತಲಿಲ್ಲ. ಅವನ ಮ್ಯಾನೇಜರ್ ಐದು ನಿಮಿಷದಲ್ಲಿ ವಾಪಸ್ ಮಾಡಿದ. ತುಂಬ ನಯವಾದ ದನಿ.

“ಸಾವ್ಕಾರ್ರು ದೇವರ ಕೆಲಸ ಮಾಡಿದ್ದಾರೆ. ರಾಜಕೀಯ ಅವರಿಗೆ ಗೊತ್ತಿಲ್ಲ.”

“ಫಲಕದಲ್ಲಿ ‘ಇವರ ಇಚ್ಛೆಯಂತೆ’ ಎಂದಿದೆ.”

“ಹಳ್ಳಿ ಜನ ಪ್ರೀತಿಯಿಂದ ಬರೆಸಿದ್ದಾರೆ. ನೀವು ಹತ್ತು ವರ್ಷದಿಂದ ನಮ್ಮ ಊಟ ಉಂಡಿದ್ದೀರಿ, ನಾವು ಯಾವತ್ತಾದರೂ ಅದನ್ನ ಎಲ್ಲಾದರೂ ಕೆತ್ತಿಸಿದ್ದೀವಾ?”

ಉದ್ಘಾಟನೆಯ ಊಟಗಳನ್ನು ಉಂಡದ್ದು ನಿಜ. ಅವನ ಮೊದಲ ಎರಡು ವಾಕ್ಯಗಳನ್ನು ಪ್ರತಿಕ್ರಿಯೆಯಾಗಿ ಹಾಕಿಕೊಂಡೆ.

ಸುದ್ದಿ ಕಳಿಸುವ ಮೊದಲೇ ಬ್ಯೂರೋ ಮುಖ್ಯಸ್ಥರ ಫೋನ್ ಬಂತು. ಪುರವಣಿ ರದ್ದಾಗುವ ಸೂಚನೆ ಅವರಿಗೆ ತಲುಪಿತ್ತು.

“ನಾಡಿದ್ದು ಹಾಕೋಣ. ವಾಪಸಾತಿ ಮುಗಿದ ಮೇಲೆ ಪೂರ್ತಿ ಚಿತ್ರ ಸಿಗುತ್ತೆ.”

“ನಾಡಿದ್ದು ಹಾಕಿದರೆ ಅವಿರೋಧ ಆಯ್ಕೆಯ ಸುದ್ದಿ ಹಾಕಬೇಕಾಗುತ್ತದೆ” ಎಂದೆ.

ಅವರು ಫೋನ್ ಇಟ್ಟರು. ನಾನು ಬರೆದಿದ್ದ ಉದ್ದನೆಯ ವರದಿಯಲ್ಲಿ ನಕ್ಷೆಯ ವಿಷಯ, ಜೀಪುಗಳ ವಿಷಯ, ಪ್ರಜಾಪ್ರಭುತ್ವದ ಬಗ್ಗೆ ಎರಡು ಪ್ಯಾರಾ ಎಲ್ಲ ಇತ್ತು. ಆ ಕ್ಷಣ ಅದನ್ನೆಲ್ಲ ಬಿಡಲು ತೀರ್ಮಾನಿಸಿದೆ. ಉಳಿಸಿಕೊಂಡಿದ್ದು ಇಷ್ಟೇ. ಕಲ್ಲಿನಲ್ಲಿ ಏನು ಕೆತ್ತಿದೆ, ಅದು ಊರಿಗೆ ಬಂದ ದಿನ ಯಾವುದು, ವಾಪಸಾತಿಯ ಕೊನೆಯ ದಿನ ಯಾವುದು, ಕಣದಲ್ಲಿ ಎಷ್ಟು ಜನ, ಯಜಮಾನರ ಮಾತು, ಯಳಂದೂರಿನ ಮಾಜಿ ಸದಸ್ಯರ ಮಾತು, ಮ್ಯಾನೇಜರ್ ಮಾತು. ಒಂದೂ ವಿಶೇಷಣ ಇಲ್ಲ. “ಇದರಲ್ಲಿ ಯಾವ ವಾಕ್ಯ ತಪ್ಪು ಎಂದು ಹೇಳಿ, ತೆಗೆಯುತ್ತೇನೆ” ಎಂದು ಬರೆದು ಕಳಿಸಿದೆ. ರಾತ್ರಿ ಆವೃತ್ತಿ ಮುಚ್ಚುವವರೆಗೂ ಉತ್ತರ ಬರಲಿಲ್ಲ. ಬೆಳಿಗ್ಗೆ ಒಳಪುಟದ ಕೆಳಗಡೆ, ಯಜಮಾನರು ಕಲ್ಲಿನ ಮೇಲೆ ಕೈ ಇಟ್ಟ ಚಿತ್ರದೊಂದಿಗೆ, ಎರಡು ಕಾಲಂ ಸುದ್ದಿ ಇತ್ತು. ಒಂದಕ್ಷರವೂ ಬದಲಾಗಿರಲಿಲ್ಲ.

ವಾಪಸಾತಿಯ ದಿನ ಪಂಚಾಯಿತಿ ಕಚೇರಿಯ ಮುಂದೆ ಸುಮಾರು ಐವತ್ತು ಗಂಡಸರಿದ್ದರು. ಪತ್ರಿಕೆ ನೋಡಿದ ತಾಲ್ಲೂಕು ಆಡಳಿತ ಇಬ್ಬರು ಪೊಲೀಸರನ್ನೂ ಒಬ್ಬ ವಿಡಿಯೊ ಚಿತ್ರೀಕರಣದವನನ್ನೂ ಕಳಿಸಿತ್ತು. ಸುದ್ದಿಯಿಂದಾದ ಉಪಯೋಗ ಅಷ್ಟೇ. ಆದರೆ ಆ ಇಬ್ಬರು ಪೊಲೀಸರಿಂದಾಗಿ ಆಕೆಯ ಜೊತೆ ಯಾರಿಗೂ ಒಳಗೆ ಹೋಗಲಾಗಲಿಲ್ಲ. ನನ್ನನ್ನು ನೋಡಿದ ಗುಂಪು ಸುತ್ತಿಕೊಂಡಿತು. “ಊರ ಮರ್ವಾದೆ ಬೀದಿಗ ತಂದ್ಯಲ್ಲೋ” ಎಂದು ಒಬ್ಬ ಕೊರಳಪಟ್ಟಿ ಹಿಡಿದ. ಯಜಮಾನರು ದೂರ ನಿಂತಿದ್ದರು. ಬೈಯಲಿಲ್ಲ. “ನಾನೇ ಒರೆಸಿ ತೋರ್ಸಿದ್ನಲ್ಲ ಸಾ” ಎಂದಷ್ಟೇ ಹೇಳಿದರು. ಬೈದವರಿಗಿಂತ ಅವರ ಮಾತು ಹೆಚ್ಚು ದಿನ ನನ್ನ ಜೊತೆ ಉಳಿಯಿತು.

ಎರಡೂವರೆಗೆ ಆಕೆಯ ಗಂಡ ಮತ್ತು ಮೈದುನ ಆಕೆಯನ್ನು ನಡುವೆ ಇಟ್ಟುಕೊಂಡು ಬಂದರು. ಬಾಗಿಲಲ್ಲಿ ಪೊಲೀಸರು ಗಂಡಸರಿಬ್ಬರನ್ನೂ ತಡೆದರು. ಕಿಟಕಿಯಿಂದ ನನಗೆ ಒಳಗಿನದು ಕಾಣುತ್ತಿತ್ತು, ಕೇಳುತ್ತಿತ್ತು.

ಚುನಾವಣಾಧಿಕಾರಿ ಕೇಳಿದರು. “ಅರ್ಜಿ ವಾಪಸ್ ತಗೋತೀರಾ?”

“ಇಲ್ಲ.”

ಹೊರಗಿನಿಂದ ಗಂಡ ಕೂಗಿ ಹೇಳಿದ. “ಕರ್ಪೂರ ಮುಟ್ಟಿವ್ನಿ ಕಣಮ್ಮಿ. ಮಾದಪ್ಪ ಸುಮ್ನ ಬುಟ್ಟಾನಾ?”

ಆಕೆ ಕಿಟಕಿಯ ಕಡೆ ತಿರುಗಿದರು. “ಮುಟ್ಟಿದ್ದು ನೀನು. ಅರ್ಜಿ ಹಾಕಿದ್ದು ನಾನು. ನಿನ್ ಆಣೆ ನೀನ್ ಇಟ್ಕೊ, ನೀನೇನು ಎಲೆಕ್ಷನ್‌ಗ ನಿಂತಿದ್ದೀಯಾ?”

ಮೂರು ಗಂಟೆಗೆ ಅಧಿಕಾರಿ ಪಟ್ಟಿ ಅಂಟಿಸಿದರು. ಮೂವರು ಅವಿರೋಧ ಆಯ್ಕೆ. ಮಹಿಳೆಗೆ ಮೀಸಲಾದ ಒಂದು ಸ್ಥಾನಕ್ಕೆ ಮತದಾನ.

ಅಲ್ಲಿಂದ ಮತದಾನದವರೆಗಿನ ದಿನಗಳು ಆಕೆಗೆ ಹೇಗಿದ್ದವು ಎಂಬುದನ್ನು ನಾನು ಕೇಳಿ ತಿಳಿದಷ್ಟೇ ಬಲ್ಲೆ. ಹಾಲಿನ ಡೇರಿಯಲ್ಲಿ ಆಕೆಯ ಹಾಲು ಅಳೆಯಲಿಲ್ಲ. ರಾಗಿಯನ್ನು ಬೇರೆ ಊರಾದ ಶಾಗ್ಯಕ್ಕೆ ಹೊತ್ತು ಬೀಸಿಸಿ ತಂದರು. ಒಂದು ಮನೆಗೂ ಮತ ಕೇಳಲು ಹೋಗಲಿಲ್ಲ, ಹೋದರೆ ಆ ಮನೆಯವರಿಗೂ ತೊಂದರೆ ಎಂದು. ಎದುರಾಳಿಯ ಪರ ಜೀಪು ಓಡಾಡಿತು. ನನ್ನ ಪತ್ರಿಕೆಯ ಏಜೆಂಟ್ ಆ ಊರಿಗೆ ಪತ್ರಿಕೆ ಹಾಕುವುದನ್ನು ನಿಲ್ಲಿಸಿದ. ಪುರವಣಿ ಬೇರೆ ಪತ್ರಿಕೆಗೆ ಹೋಯಿತು. ಬ್ಯೂರೋದಲ್ಲಿ ಅದರ ಬಗ್ಗೆ ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ಬೇರೆ ವಿಷಯಗಳ ಬಗ್ಗೆಯೂ ಕೆಲವು ವಾರ ಮಾತಾಡಲಿಲ್ಲ.

ಹನೂರಿನ ಎಣಿಕೆ ಕೇಂದ್ರದಲ್ಲಿ ನಾನು ಸೋಲಿನ ಸುದ್ದಿಗೆ ಸಿದ್ಧನಾಗಿದ್ದೆ. ಮೊದಲ ವಾಕ್ಯ ಬರೆದೂ ಇಟ್ಟಿದ್ದೆ. ಆಕೆ ಹದಿನಾಲ್ಕು ಮತಗಳಿಂದ ಗೆದ್ದರು. ಗಣಿಯ ಮ್ಯಾನೇಜರ್ ಎಣಿಕೆಯ ಮೇಜಿನ ಹತ್ತಿರ ಬಂದು ಮತಪತ್ರಗಳ ಕಟ್ಟನ್ನು ದಿಟ್ಟಿಸಿದ. ಮನೆಗೊಬ್ಬ ಗಂಡಸನ್ನು ಕೂಡಿಸಿ ಆಣೆ ಇಡಿಸಿದವರು ಹೆಂಗಸರನ್ನು ಕರೆದಿರಲಿಲ್ಲ. ಕರೆಯುವ ವಾಡಿಕೆಯೇ ಆ ಊರಲ್ಲಿ ಇರಲಿಲ್ಲ. ಯಾರು ಯಾರಿಗೆ ಹಾಕಿದರು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅಂದು ಹೊರಗೆ ನಿಂತಿದ್ದ ಆ ಊರಿನ ನಾಲ್ಕೈದು ಮುದುಕಿಯರು ಫಲಿತಾಂಶ ಕೇಳಿ ಒಬ್ಬರ ಮುಖ ಒಬ್ಬರು ನೋಡದೆ ಬಸ್ಸಿನ ಕಡೆ ನಡೆದರು ಎಂಬುದನ್ನು ಮಾತ್ರ ಬರೆಯಬಲ್ಲೆ.

ಮೊದಲ ಸಾಮಾನ್ಯ ಸಭೆಗೆ ನಾನು ಹೋದೆ. ಹನ್ನೊಂದು ಮಂದಿ ಸದಸ್ಯರು; ಈ ಊರಿನವರು ನಾಲ್ವರು, ಉಳಿದವರು ಅದೇ ಪಂಚಾಯಿತಿಯ ಬೇರೆ ಹಳ್ಳಿಗಳವರು. ಗೋಮಾಳದ ವಿಷಯ ಮೂರನೆಯದು. ಪಂಚಾಯಿತಿಯ ಅಧಿಕಾರಿ ಪಿಡಿಒ ಓದಿದರು, ಹತ್ತು ಕೈ ಎದ್ದವು. ಅವರು ಬರೆಯತೊಡಗಿದರು.

“ಏನ್ ಬರೀತಿದ್ದೀರಿ ಸಾ?” ಎಂದು ಆಕೆ ಕೇಳಿದರು.

“ಸರ್ವಾನುಮತದಿಂದ ಒಪ್ಪಲಾಯಿತು ಅಂತ.”

“ನಾನು ಕೈ ಎತ್ನಿಲ್ವಲ್ಲ.”

“ಹತ್ತು ಜನ ಎತ್ತಿದ್ದಾರಲ್ಲಮ್ಮ, ಅದೇ ಆಯ್ತು. ರೂಢಿ.”

ಆಕೆ ಎದ್ದು ಹೋಗಿ ತೆರೆದ ಪುಟದ ಅಂಚಿನ ಮೇಲೆ ಅಂಗೈ ಊರಿದರು. “ಹಂಗ ಬರದ್ರ ನಾನು ಸಯ್ ಮಾಡಕಿಲ್ಲ. ಕೈನೂ ತೆಗ್ಯಕಿಲ್ಲ.”

ಅಧ್ಯಕ್ಷರು ಗದರಿದರು. ಒಬ್ಬ ಸದಸ್ಯ, “ಅಕ್ಕ, ಟೀ ಆರೋಯ್ತದ, ಬುಡಿ” ಎಂದು ನಗಿಸಲು ನೋಡಿದ. ಕೈ ಅಲ್ಲೇ ಇತ್ತು. ಪಿಡಿಒ ಬಾಗಿಲ ಬಳಿ ಕೂತಿದ್ದ ನನ್ನನ್ನು ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿದರು. ಹತ್ತು ಪರ, ಒಂದು ವಿರೋಧ ಎಂದು ಬರೆದರು. ಕಾರಣ ಹೇಳಬೇಕು ಎಂದರು. ಹಾಗೆಂದರೆ ಆಕೆ ಹಿಂಜರಿಯುತ್ತಾರೆ ಎಂದುಕೊಂಡಿರಬೇಕು.

“ಬರ್ಕಳಿ. ಗೋಮಾಳ ಕೊಟ್ಮೇಲ ಊರ ದನ ಎಲ್ಲಿ ಮೇಯ್ಬೇಕು ಅಂತ ಕೇಳುದ್ಲು ಅಂತ ಬರ್ಕಳಿ.”

ಬರೆದುಕೊಂಡು ಪಿಡಿಒ ಅಧ್ಯಕ್ಷರ ಕಡೆ ನೋಡಿದರು. “ಉತ್ತರ ಏನಂತ ಹಾಕಲಿ ಸಾರ್?”

ಅಧ್ಯಕ್ಷರು ಪಕ್ಕದವರನ್ನು ನೋಡಿದರು. ಪಕ್ಕದವರು ಟೀ ಲೋಟ ನೋಡಿದರು. ಹಿಂದಿನ ದಿನ ಮ್ಯಾನೇಜರ್ ಕೈ ಎತ್ತಲು ಹೇಳಿಹೋಗಿದ್ದನೇ ಹೊರತು ಇದಕ್ಕೆ ಉತ್ತರ ಕೊಟ್ಟುಹೋಗಿರಲಿಲ್ಲ. ಪಿಡಿಒ ಎರಡು ಸಾಲು ಖಾಲಿ ಬಿಟ್ಟು ಮುಂದಿನ ವಿಷಯಕ್ಕೆ ಹೋದರು. ಆಕೆ ಕೈ ತೆಗೆದು ಸಹಿ ಮಾಡಿದರು.

ನಿರ್ಣಯ ಅಂಗೀಕಾರವಾಗಿದೆ. ಆದರೆ ಕಡತ ಮೇಲಿನ ಕಚೇರಿಯಿಂದ ಒಂದು ಷರಾ ಹೊತ್ತು ವಾಪಸ್ ಬಂದಿದೆ. ‘ಸದಸ್ಯೆಯ ಆಕ್ಷೇಪಕ್ಕೆ ಪಂಚಾಯಿತಿಯ ಉತ್ತರವೇನು, ತಿಳಿಸುವುದು.’ ಮ್ಯಾನೇಜರ್ ಎರಡು ಸಲ ಬಂದುಹೋಗಿದ್ದಾನೆ. ನಾನು ತಿಂಗಳಿಗೊಮ್ಮೆ ಹೋಗಿ ಆ ಪುಟ ನೋಡಿ ಬರುತ್ತೇನೆ. ಎರಡು ಸಾಲು ಇನ್ನೂ ಖಾಲಿ ಇವೆ. ಅವು ತುಂಬುವವರೆಗೆ ದನಗಳು ಗೋಮಾಳದಲ್ಲೇ ಮೇಯುತ್ತವೆ.